ಹೊಳವು ಯಾವತ್ತು? ತೀರ್ಥಹಳ್ಳಿ ಸೀಮೆಯ ಅಡಿಕೆಯವರಿಗೊಂದು ಬಹಿರಂಗ ಪತ್ರ

ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರಿಗೆ, ಅವರ ತೋಟಗಳಲ್ಲಿ ಮರ ಹತ್ತುವ ಕೊನೆಗಾರರಿಗೆ:

ಮಳೆಗಾಲ ಹಿಡಿಯಿತೆಂದರೆ ಹೋಟೆಲಿನ ಬೆಂಚು, ಸೊಸೈಟಿಯ ಜಗಲಿ, ತಿಥಿ ಮನೆಯ ಪಂಕ್ತಿ, ಎಲ್ಲಿ ಕೂತರೂ ಒಂದೇ ದೂರು. ಹವಾಮಾನದವರು ಮಳೆ ಅಂದ ದಿನ ಬಿಸಿಲು ಬಂತಂತೆ. ಮಳೆ ಕಡಿಮೆ ಅಂದ ದಿನ ಕೊಳೆರೋಗಕ್ಕೆಂದು ಕಲಸಿಟ್ಟ ಬೋರ್ಡೋ ಔಷಧಿ ಬಚ್ಚಲ ಪಾಲಾಯಿತಂತೆ. ದೂರು ಪೂರ್ತಿ ಸುಳ್ಳೇನಲ್ಲ. ಆದರೆ ಅರ್ಧ ತಪ್ಪು ನಾವು ಕೇಳುವ ಪ್ರಶ್ನೆಯಲ್ಲೇ ಇದೆ. ಜುಲೈ ತಿಂಗಳಲ್ಲಿ ತೀರ್ಥಹಳ್ಳಿಗೆ ಮಳೆ ಬರುತ್ತದೆಯೇ ಎಂದು ತಿಳಿಯಲು ಉಪಗ್ರಹ ಏಕೆ? ಮನೆಯ ಎಮ್ಮೆಯನ್ನು ಕೇಳಿದರೂ ಸಾಕು. ನಮಗೆ ಬೇಕಾದದ್ದು ಹೊಳವಿನ ಸುದ್ದಿ. ಈ ವಾರದಲ್ಲಿ ಯಾವ ದಿನ, ಎಷ್ಟು ಹೊತ್ತು ಮಳೆ ಬಿಡುತ್ತದೆ, ಅಷ್ಟರಲ್ಲಿ ಎಷ್ಟು ಮರಕ್ಕೆ ಔಷಧಿ ಹೊಡೆದು ಮುಗಿಸಬಹುದು, ಇಷ್ಟು ತಿಳಿದರೆ ಆಯಿತು. ಅದು ಮುನ್ಸೂಚನೆಯಲ್ಲಿ ಇಲ್ಲವೆಂದು ಹೇಳುವವರು ಅದನ್ನು ಪೂರ್ತಿ ಓದಿದವರಲ್ಲ ಎಂಬುದು ನನ್ನ ತಕರಾರು.

ಮೊಬೈಲಿನ ಕಪ್ಪು ಮೋಡದ ಚಿತ್ರದಿಂದಲೇ ಶುರು ಮಾಡೋಣ. ಏಳು ದಿನಕ್ಕೂ ಅದೇ ಮೋಡ, ಅದರ ಕೆಳಗೆ ಅವೇ ಮೂರು ಗೆರೆ, ಪಕ್ಕದಲ್ಲಿ ತೊಂಬತ್ತು ಪರ್ಸೆಂಟ್. ಆ ಪರ್ಸೆಂಟು ಮಳೆಯ ಪ್ರಮಾಣವೂ ಅಲ್ಲ, ಹೊತ್ತೂ ಅಲ್ಲ; ಅಳೆಯುವಷ್ಟು ಮಳೆ ಬೀಳುವ ಸಂಭವ ಎಷ್ಟು ಎಂಬುದಷ್ಟೇ. ಬೆಳಗಿನ ಜಾವ ನಾಲ್ಕು ಹನಿ ಉದುರಿ ಸಂಜೆವರೆಗೂ ಹೊಳವಾಗಿದ್ದರೂ ಅದಕ್ಕೆ ಲೆಕ್ಕ ಸರಿ. ಹಗಲಿಡೀ ಹುಯ್ದರೂ ಸರಿ. ನಮ್ಮ ಮಳೆಗಾಲದಲ್ಲಿ ಆ ಚಿತ್ರ ನೋಡಿ ಕೊನೆಗಾರನಿಗೆ ಫೋನ್ ಮಾಡುವುದೂ ಒಂದೇ, ಕಣ್ಣು ಮುಚ್ಚಿ ಕ್ಯಾಲೆಂಡರಿನ ಮೇಲೆ ಬೆರಳಿಡುವುದೂ ಒಂದೇ.

ನಮ್ಮ ಸೀಮೆಯ ಮಳೆಗಳಿಗೆ ಜಾತಿ ಬೇರೆ ಬೇರೆ. ನಿಮಗೆ ಗೊತ್ತಿರುವುದೇ ಇದು; ಆದರೆ ಕಾರಣ ಹಿಡಿದು ನೋಡಿದರೆ ವಾರದ ವರದಿ ಓದುವುದು ಸಲೀಸು. ಏಪ್ರಿಲ್, ಮೇ ತಿಂಗಳ ಮಳೆ ನೆಲದ ಕಾವಿನಿಂದ ಹುಟ್ಟುವಂಥದ್ದು. ಬೆಳಿಗ್ಗೆಯಿಂದ ಮೈ ಬೇಯುವ ಸೆಕೆ, ಮಧ್ಯಾಹ್ನ ಮೂರರ ಮೇಲೆ ಒಂದು ಮೂಲೆ ಕಪ್ಪಾಗಿ ಗಾಳಿ ಎದ್ದು, ಗುಡುಗು ಸಿಡಿಲಿನ ಜೊತೆ ಒಂದು ಗಂಟೆ ಹುಯ್ದು ಮುಗಿಯುತ್ತದೆ. ಆ ಮೋಡಗಳು ಹತ್ತು ಕಿಲೋಮೀಟರಿಗೂ ಮೇಲೆ ಬೆಳೆಯುತ್ತವೆ, ಅಲ್ಲಿ ನೀರು ಹೆಪ್ಪುಗಟ್ಟುತ್ತದೆ. ಒಳಗಿನ ಮೇಲ್ಮುಖ ಗಾಳಿ ಜೋರಿದ್ದರೆ ಮಂಜಿನ ಗಡ್ಡೆ ಪದರ ಪದರವಾಗಿ ದಪ್ಪವಾಗುತ್ತಾ ಹೋಗಿ, ಗಾಳಿ ಹೊರಲಾಗದ ಭಾರಕ್ಕೆ ಬಂದಾಗ ಆಲಿಕಲ್ಲಾಗಿ ಹೆಂಚಿನ ಮೇಲೆ ಬೀಳುತ್ತದೆ. ಐದು ಮಿಲಿಮೀಟರು ಮತ್ತು ಅದಕ್ಕಿಂತ ದಪ್ಪದ್ದಕ್ಕೆ ಮಾತ್ರ ಹವಾಮಾನದವರು ಆಲಿಕಲ್ಲು ಎನ್ನುವುದು. ಈ ಮೋಡಗಳ ಅಗಲ ಕೆಲವೇ ಕಿಲೋಮೀಟರು. ಪಕ್ಕದ ಊರಿಗೆ ಬಂದ ಮಳೆ ನಮ್ಮೂರಿಗೆ ಬರಲಿಲ್ಲವೆಂದು ಮೇ ತಿಂಗಳಲ್ಲಿ ಯಾರನ್ನೂ ಬೈಯುವಂತಿಲ್ಲ.

ಮೃಗಶಿರಾ ಹಿಡಿದ ಮೇಲೆ ಆಟ ಬೇರೆ. ಅರಬ್ಬಿ ಸಮುದ್ರದಿಂದ ಬಂದ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ಏರಿದ್ದು ತಣಿಯುತ್ತದೆ, ತಣಿದದ್ದು ಸುರಿಯುತ್ತದೆ. ಘಟ್ಟದ ಈ ಮೋಡಗಳಲ್ಲಿ ಬಹುಪಾಲು ಗಿಡ್ಡ. ನೀರು ಹೆಪ್ಪುಗಟ್ಟುವ ಎತ್ತರ ನಮ್ಮಲ್ಲಿ ಸುಮಾರು ಐದು ಕಿಲೋಮೀಟರು. ಅಲ್ಲಿಗೆ ಅವುಗಳ ತಲೆ ಮುಟ್ಟುವುದು ಕಡಿಮೆ. ಹನಿಗೆ ಹನಿ ತಾಗಿ ದೊಡ್ಡದಾಗಿ ಉದುರುವುದಷ್ಟೇ ಅವುಗಳ ಕೆಲಸ. ಸಿಡಿಲಿಗೆ ಬೇಕಾದ ವಿದ್ಯುತ್ತು ಹುಟ್ಟುವುದು ಮೋಡದೊಳಗಿನ ಹಿಮದ ಚೂರುಗಳ ತಿಕ್ಕಾಟದಲ್ಲಿ. ಪುಷ್ಯ ಮಳೆ ಆಗುಂಬೆಯಲ್ಲಿ ರಾತ್ರಿಯಿಡೀ ಹುಯ್ದರೂ ಗುಡುಗು ಕೇಳದಿರುವುದು ಇದಕ್ಕೇ.

ಆಗುಂಬೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಅಲ್ಲಿ ವರ್ಷಕ್ಕೆ ಸರಾಸರಿ ಏಳೂವರೆ ಸಾವಿರ ಮಿಲಿಮೀಟರು. 1946ರ ಆಗಸ್ಟ್ ತಿಂಗಳೊಂದರಲ್ಲೇ 4,508 ಮಿಲಿಮೀಟರು. ಅಲ್ಲಿಂದ ಬಸ್ಸು ಹತ್ತಿ ತೀರ್ಥಹಳ್ಳಿ ಪೇಟೆಗೆ ಇಳಿಯುವಷ್ಟರಲ್ಲಿ ಮಳೆ ಅರ್ಧಕ್ಕಿಂತ ಕೆಳಗೆ ಬಂದಿರುತ್ತದೆ. ಮಂಡಗದ್ದೆ ದಾಟಿ ಗಾಜನೂರಿನ ಕಡೆ ಹೋದರೆ ಇನ್ನೂ ಕಡಿಮೆ. ಶಿಕಾರಿಪುರದ ಜೋಳದ ಹೊಲಕ್ಕೂ ಆಗುಂಬೆಯ ಕಾಡಿಗೂ ಜಿಲ್ಲೆ ಮಾತ್ರ ಒಂದೇ. "ಶಿವಮೊಗ್ಗ ಜಿಲ್ಲೆಗೆ ಹಳದಿ ಅಲರ್ಟ್" ಎಂದು ಟಿವಿಯವರು ಕೂಗಿದಾಗ ಮೊದಲು ನೆನಪಾಗಬೇಕಾದದ್ದು ಈ ಸಂಗತಿ.

ಕೊಳೆರೋಗಕ್ಕೆ ಹೆದರುವವರಿಗೆ ಮೇ ತಿಂಗಳ ಗುಡುಗಿನ ಮಳೆ, ಘಟ್ಟದ ಮಳೆ ಇವೆರಡಕ್ಕಿಂತ ಕೆಟ್ಟದ್ದು ಮೂರನೆಯ ಜಾತಿ, ಬಿಡದೆ ಹನಿಯುವ ಜಿಟಿಜಿಟಿ. ಅರ್ಧ ಮಿಲಿಮೀಟರಿಗಿಂತ ಸಣ್ಣ ಹನಿ, ಕೊಡೆ ಬಿಚ್ಚಿದರೆ ನಾಚಿಕೆ, ಬಿಚ್ಚದಿದ್ದರೆ ಅಂಗಿ ಒದ್ದೆ. ಹಗಲಿಡೀ ಹಿಡಿದರೂ ಮಾಪಕದಲ್ಲಿ ಎರಡು ಮೂರು ಮಿಲಿಮೀಟರು ಸಿಕ್ಕರೆ ಹೆಚ್ಚು. ವರದಿಯಲ್ಲಿ ಅದು "ಹಗುರ ಮಳೆ". ಬೆಳೆಗಾರ ಹಗುರ ಎಂಬ ಮಾತು ನೋಡಿ ಸಮಾಧಾನ ಪಡುತ್ತಾನೆ. ಆದರೆ ಕೊಳೆ ಹರಡುವ ರೋಗಾಣುವಿಗೆ ಸೆಂಟಿಮೀಟರಿನ ಲೆಕ್ಕ ಬೇಕಿಲ್ಲ. ಕಾಯಿಯ ಮೇಲೆ ಆರದ ನೀರಿನ ಪದರ ಇದ್ದರೆ ಅದರ ಬೀಜಾಣುಗಳು ಆ ನೀರಿನಲ್ಲೇ ಈಜಿ ಮುಂದಿನ ಕಾಯಿಗೆ ಹೋಗುತ್ತವೆ. ಒಂದು ದಿನ ಹತ್ತು ಸೆಂಟಿಮೀಟರು ಬಡಿದು ಮಾರನೆಯ ದಿನ ಗಾಳಿ ಬಿಸಿಲು ಬಂದ ವಾರಕ್ಕಿಂತ, ಒಟ್ಟು ಮೂರೇ ಸೆಂಟಿಮೀಟರು ಬಂದರೂ ಗೊನೆ ಒಣಗದ ವಾರ ಹೆಚ್ಚು ಅಪಾಯದ್ದು. ಮುನ್ಸೂಚನೆಯಲ್ಲಿ ಮಳೆಯ ಪ್ರಮಾಣದ ಕೆಳಗೆ ಗಾಳಿಯ ತೇವಾಂಶ, ಮೋಡದ ಪ್ರಮಾಣ ಎಂಬ ಎರಡು ಸಾಲು ಇರುತ್ತದಲ್ಲ, ನಮ್ಮ ರೋಗದ ಸುದ್ದಿ ಅಲ್ಲಿದೆ. ಎಲೆಚುಕ್ಕಿ ರೋಗ ಹೊಕ್ಕ ತೋಟದವರಿಗೂ ಇದೇ ಮಾತು.

  

ಇನ್ನು ವರದಿಯ ಭಾಷೆ. ಅಲ್ಲಿನ ಪ್ರತಿ ಶಬ್ದಕ್ಕೂ ಅಳತೆ ಇದೆ. 24 ಗಂಟೆಯಲ್ಲಿ 2.5ರಿಂದ 15.5 ಮಿಲಿಮೀಟರ್ ಬಿದ್ದರೆ ಹಗುರ, 64.4ರವರೆಗೆ ಸಾಧಾರಣ, 64.5ರಿಂದ 115.5ರವರೆಗೆ ಭಾರಿ, 204.4ರವರೆಗೆ ಅತಿ ಭಾರಿ, ಅದರ ಮೇಲಿನದು ಅತ್ಯಂತ ಭಾರಿ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಎಕರೆ ತೋಟದ ಮೇಲೆ ಒಂದು ಇಂಚು ಮಳೆ ಬಿದ್ದರೆ ಲಕ್ಷ ಲೀಟರು ದಾಟುತ್ತದೆ; ಬಸಿಗಾಲುವೆ ಕಟ್ಟಿಕೊಂಡ ತೋಟದವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ. "ಒಂದೆರಡು ಕಡೆ" ಎಂದರೆ ಆ ಜಾಗದ ಮಳೆ ಕೇಂದ್ರಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿಲ್ಲ. "ಬಹುತೇಕ ಎಲ್ಲ ಕಡೆ" ಎಂದರೆ ಮುಕ್ಕಾಲಿಗೂ ಮಿಕ್ಕಿ. ಹೀಗಾಗಿ "ಬಹುತೇಕ ಎಲ್ಲ ಕಡೆ ಹಗುರದಿಂದ ಸಾಧಾರಣ, ಒಂದೆರಡು ಕಡೆ ಭಾರಿ ಮಳೆ" ಎಂಬ ಸಾಲನ್ನು ತೀರ್ಥಹಳ್ಳಿಯವ ಓದಬೇಕಾದದ್ದು ಹೀಗೆ: ಆ ಒಂದೆರಡು ಕಡೆ ಬಹುಶಃ ಆಗುಂಬೆ, ಹುಲಿಕಲ್ಲು, ನಮ್ಮ ಪೇಟೆಗೆ ಸಾಧಾರಣ. ಇನ್ನೊಂದು ಗೊಂದಲವನ್ನು ಇಲ್ಲೇ ತೀರಿಸೋಣ. ಮಳೆಯ ದಿನ ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಬೆಳಿಗ್ಗೆ ಎಂಟೂವರೆಯವರೆಗೆ. ಮಂಗಳವಾರದ ಅಂಕಿಯಲ್ಲಿರುವುದು ಹೆಚ್ಚುಪಾಲು ಸೋಮವಾರದ ಮಳೆ.

ಅಲರ್ಟ್ ಬಣ್ಣಗಳ ವಿಷಯದಲ್ಲಿ ನನ್ನ ಅಭಿಪ್ರಾಯ ನೇರ. ಜುಲೈ ತಿಂಗಳ ಹಳದಿಗೆ ನಾವು ಗಾಬರಿಯಾಗಬೇಕಿಲ್ಲ. ಆರೇಳು ಸೆಂಟಿಮೀಟರು ಬೆಂಗಳೂರಿನ ರಸ್ತೆ ಮುಳುಗಿಸೀತು, ಇಲ್ಲಿ ಅದು ಮಾಮೂಲಿ ದಿನ. ಮೇ ತಿಂಗಳ ಹಳದಿಗೆ ಮಾತ್ರ ಕಿವಿ ನಿಮಿರಿಸಬೇಕು, ಅದರ ಜೊತೆ ಸಿಡಿಲಿರುತ್ತದೆ. ಕೆಂಪು ಬಂದ ದಿನ ಶಾಲೆ ಮಕ್ಕಳಿಗೆ ರಜೆ ಸಿಗುತ್ತದೋ ಇಲ್ಲವೋ ಎಂಬ ಚರ್ಚೆಯಲ್ಲೇ ನಮ್ಮ ಉತ್ಸಾಹ ಮುಗಿದುಹೋಗುತ್ತದೆ. ಆ ದಿನ ನೋಡಬೇಕಾದದ್ದು ಶೃಂಗೇರಿ, ಕೆರೆಕಟ್ಟೆಯ ಮಳೆಯನ್ನು. ತುಂಗೆ ಅತ್ತ ಕಡೆಯಿಂದ ಬರುವವಳು. ಪೇಟೆಯಲ್ಲಿ ಹೊಳವಾಗಿದ್ದರೂ ರಾಮಮಂಟಪದ ಬುಡದಲ್ಲಿ ನೀರು ಏರುತ್ತಿದ್ದರೆ ಅದು ಮೇಲಿನವರ ಮಳೆ. ಹೊಳೆ ಬದಿಯಲ್ಲಿ ಪಂಪ್‌ಸೆಟ್ ಇಟ್ಟವರು ನಮ್ಮ ಆಕಾಶ ನೋಡಿ ನಿದ್ದೆ ಮಾಡಬಾರದು.

ಹೊಳವು ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ವಾರದ ಮುನ್ಸೂಚನೆಯ ಜೀವಾಳ ಅಲ್ಲಿದೆ. "ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ" ಎಂದು ಪೇಪರಿನಲ್ಲಿ ಬಂದಾಗ ನಮ್ಮಲ್ಲಿ ಕೆಲವರು ನಗುತ್ತಾರೆ, ಎಲ್ಲಿಯ ಒಡಿಶಾ, ಎಲ್ಲಿಯ ನಮ್ಮ ತೋಟ ಎಂದು. ಮಳೆಯ ನೀರು ಅರಬ್ಬಿ ಸಮುದ್ರದ್ದೇ, ನಿಜ. ಆದರೆ ಉತ್ತರ ಬಂಗಾಳ ಕೊಲ್ಲಿಯಲ್ಲಿ ಒತ್ತಡ ಕುಸಿದರೆ ಪಡುವಣ ಗಾಳಿ ಆ ಕಡೆಗೆ ಜೋರಾಗಿ ಸೆಳೆಯಲ್ಪಟ್ಟು ಘಟ್ಟವನ್ನು ಜೋರಾಗಿ ಗುದ್ದುತ್ತದೆ. ಅದರ ಮೇಲೆ ಗುಜರಾತಿನಿಂದ ಕೇರಳದವರೆಗೆ ಕರಾವಳಿಯುದ್ದಕ್ಕೂ ಕಡಿಮೆ ಒತ್ತಡದ ಒಂದು ಪಟ್ಟೆ ಬಿದ್ದುಕೊಂಡಿದ್ದರೆ ಮೂರು ನಾಲ್ಕು ದಿನ ಕೊಟ್ಟಿಗೆಯಿಂದ ಮನೆಗೆ ಬರುವುದೇ ಸಾಹಸ. ಆ ಕುಸಿತ ಒಡಿಶಾ, ಛತ್ತೀಸಗಡ ದಾಟಿ ಒಳನಾಡಿನಲ್ಲಿ ಸವೆದುಹೋಗಿ, ಮುಂದಿನದು ಇನ್ನೂ ಹುಟ್ಟದೆ ಇರುವ ನಡುವಿನ ದಿನಗಳೇ ನಮ್ಮ ಹೊಳವು. ಮುಂಗಾರಿನ ಒತ್ತಡದ ತಗ್ಗು ಹಿಮಾಲಯದ ಬುಡಕ್ಕೆ ಸರಿದು ನಿಂತರೆ ಹೊಳವು ವಾರಗಟ್ಟಲೆ ಎಳೆಯುತ್ತದೆ. 1901ರಿಂದ ಇಟ್ಟ ಲೆಕ್ಕದಲ್ಲಿ ದೇಶಕ್ಕೆ ಅತಿ ಕಡಿಮೆ ಮಳೆ ಬಂದ ಆಗಸ್ಟ್ ಎನಿಸಿದ 2023ರದ್ದು ಅಂಥದ್ದೇ ಒಂದು ದೀರ್ಘ ಹೊಳವು. ಔಷಧಿ ಹೊಡೆಯುವವರಿಗೆ ಹಬ್ಬ, ಬಾವಿ ನೋಡುವವರಿಗೆ ದಿಗಿಲು.

ಆದ್ದರಿಂದ ತೀರ್ಮಾನವನ್ನು ಒಂದೇ ಸಲಕ್ಕೆ ಮಾಡಬೇಡಿ. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ವಾರಗಳ ನೋಟ ಕೊಡುತ್ತದೆ: ಮಳೆ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂಬಷ್ಟೇ ವಿಷಯ. ಕೊನೆಗಾರನಿಗೆ "ಬರುವ ವಾರ ಎರಡು ದಿನ ಇಟ್ಟುಕೊಂಡಿರು ಮಾರಾಯ" ಎಂದು ಹೇಳಲು, ಮೈಲುತುತ್ತ ತಂದಿಡಲು ಅಷ್ಟು ಸಾಕು. ಮಂಗಳವಾರ ಮತ್ತು ಶುಕ್ರವಾರ ಬರುವ ಜಿಲ್ಲಾ ಕೃಷಿ ಸಲಹೆಯಲ್ಲಿ ಮುಂದಿನ ಐದು ದಿನಗಳ ಮಳೆ, ತೇವಾಂಶ, ಗಾಳಿ, ಮೋಡ ಇರುತ್ತದೆ. ಮೇಘದೂತ್ ಆ್ಯಪ್‌ನಲ್ಲಿ ಕನ್ನಡದಲ್ಲೇ ಸಿಗುತ್ತದೆ. ಅದರಲ್ಲಿ ಮೊದಲ ಎರಡು ಮೂರು ದಿನಗಳ ಮಾತನ್ನು ನಂಬಿ ದಿನ ಗೊತ್ತು ಮಾಡಿ. ನಾಲ್ಕನೆಯ, ಐದನೆಯ ದಿನದ್ದು ಒಲವು ಮಾತ್ರ. ಇನ್ನು ಸುಣ್ಣ ನೀರಿಗೆ ಹಾಕುವ ಬೆಳಿಗ್ಗೆ, ಉಪಗ್ರಹದ ಚಿತ್ರದಲ್ಲಿ ಉಡುಪಿ, ಭಟ್ಕಳದ ಎದುರಿನ ಸಮುದ್ರ ನೋಡಿ. ಅಲ್ಲಿ ಖಾಲಿ ಇದ್ದರೆ ಮಧ್ಯಾಹ್ನದವರೆಗೆ ಕೆಲಸಕ್ಕೆ ಅಡ್ಡಿಯಾಗುವ ಸಂಭವ ಕಡಿಮೆ.

ಬೋರ್ಡೋ ದ್ರಾವಣ ಮರುದಿನಕ್ಕೆ ಉಳಿಯುವ ವಸ್ತುವಲ್ಲ ಎಂಬುದರಿಂದಲೇ ಇಷ್ಟೆಲ್ಲ ಹೇಳಬೇಕಾಗಿ ಬಂತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಬೇರೆ ಬೇರೆ ಕರಗಿಸಿ ಬೆರೆಸಿ, ಕತ್ತಿಯ ಅಲಗು ಅದ್ದಿ ತೆಗೆದಾಗ ಕೆಂಪು ಹಿಡಿಯದಿದ್ದರೆ ಹದ ಸರಿ. ಕೆಂಪು ಹಿಡಿದರೆ ಇನ್ನೊಂದಿಷ್ಟು ಸುಣ್ಣ. ಅಲ್ಲಿಂದ ಗಡಿಯಾರ ಓಡಲು ಶುರು: ಅವತ್ತೇ ಮುಗಿಸಬೇಕು, ಗೊನೆಯ ಮೇಲೆ ಒಣಗಿ ಅಂಟಲು ಕೆಲವು ಗಂಟೆ ಹೊಳವು ಬೇಕು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆಂದು 1885ರ ಹೊತ್ತಿಗೆ ಬಳಕೆಗೆ ಬಂದ ಈ ಮದ್ದನ್ನು ನಮ್ಮ ಅಡಿಕೆಗೆ ತಂದವರು ಮೈಸೂರು ಸರ್ಕಾರದ ಕೆಲಸಕ್ಕೆ ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್. ಕೊಳೆರೋಗದ ಮೇಲಿನ ಅವರ ಕೆಲಸ 1910ರ ಆಸುಪಾಸಿನದು. ಅದಕ್ಕೂ ಮುಂಚೆ ನಮ್ಮ ಹಿರಿಯರು ಮಳೆ ತಾಗದಂತೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಕೊಟ್ಟೆಗೆ ಮುನ್ಸೂಚನೆಯ ಹಂಗಿಲ್ಲ, ಕಟ್ಟುವ ಕೈಗಳು ಮಾತ್ರ ಈಗ ಇಲ್ಲ.

2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, ವಾಡಿಕೆಗಿಂತ ಎಂಟು ದಿನ ಮುಂಚೆ. ಮೊದಲ ಔಷಧಿ ಜೂನ್ ಮೊದಲ ವಾರಕ್ಕೆ ಎಂದು ತಲೆಮಾರಿನಿಂದ ಲೆಕ್ಕ ಇಟ್ಟುಕೊಂಡವರಿಗೆ ಅಂಥ ವರ್ಷದಲ್ಲಿ ಹೊಳವು ಎಲ್ಲಿಂದ ಸಿಗಬೇಕು? ಮಳೆ ಬೇಗ ಬರುವ ಸೂಚನೆಯನ್ನು ಇಲಾಖೆ ಮುಂಚೆಯೇ ಕೊಟ್ಟಿತ್ತು. ಪಂಚಾಂಗದ ಮಳೆ ನಕ್ಷತ್ರಗಳನ್ನು ನಾನು ಅಲ್ಲಗಳೆಯುವವನಲ್ಲ. ಭರಣಿ, ರೋಹಿಣಿ, ಆರಿದ್ರೆ, ಪುಷ್ಯ, ಮಘೆ ಎಂದು ಹದಿಮೂರು ಹದಿನಾಲ್ಕು ದಿನಗಳ ತುಂಡು ಮಾಡಿ ಯಾವ ತುಂಡಿನಲ್ಲಿ ಎಂಥ ಮಳೆ ಎಂದು ಗುರುತಿಟ್ಟವರು ಸರಾಸರಿಯನ್ನು ಚೆನ್ನಾಗಿ ಬಲ್ಲವರು. ಆದರೆ ಈ ಗುರುವಾರ ಹೇಗೆ ಎಂದು ಸರಾಸರಿ ಹೇಳುವುದಿಲ್ಲ.

ನಿಮ್ಮಲ್ಲಿ ನನ್ನ ಒಂದು ಬೇಡಿಕೆ ಇದೆ. ಮನೆಗೊಂದು ಮಳೆ ಮಾಪಕ ಇಡಿ. ಕೊಪ್ಪ, ಮೂಡಿಗೆರೆಯ ಕಾಫಿಯವರನ್ನು ನೋಡಿ, ಹೂಮಳೆ ಎಷ್ಟು ಬಂತೆಂದು ಕೇಳಿದರೆ ಇಂಚು, ಸೆಂಟ್ಸ್ ಲೆಕ್ಕದಲ್ಲಿ ಥಟ್ಟನೆ ಹೇಳುತ್ತಾರೆ. ಅಜ್ಜನ ಕಾಲದ ಪುಸ್ತಕ ಬೇಕಾದರೂ ತೆಗೆದು ತೋರಿಸುತ್ತಾರೆ. ನಮ್ಮನ್ನು ಕೇಳಿದರೆ "ಭಯಂಕರ ಮಳೆ" ಎನ್ನುತ್ತೇವೆ. ದುಡ್ಡು ಹಾಕಿ ತರಲೇಬೇಕೆಂದಿಲ್ಲ. ಬುಡದಿಂದ ಬಾಯಿಯವರೆಗೆ ಅಗಲ ಒಂದೇ ಇರುವ ಯಾವ ಡಬ್ಬವೂ ಆದೀತು. ಅಗಲ ಎಷ್ಟಿದ್ದರೂ ನೀರಿನ ಆಳ ಒಂದೇ ಬರುತ್ತದೆ. ಬಕೆಟ್ ಬೇಡ, ಅದರ ಬಾಯಿ ಬುಡಕ್ಕಿಂತ ದೊಡ್ಡದು, ಲೆಕ್ಕ ಹೆಚ್ಚು ತೋರಿಸುತ್ತದೆ. ತೋಟದೊಳಗೆ ಇಡಬೇಡಿ, ಸೋಗೆಯಿಂದ ಇಳಿಯುವ ನೀರು ಮಳೆಯ ಲೆಕ್ಕವಲ್ಲ. ಅಂಗಳದಲ್ಲಿ, ಹತ್ತಿರದ ಮಾಡಿನ ಎತ್ತರದ ಎರಡರಷ್ಟು ದೂರದಲ್ಲಿ ಇಟ್ಟು, ಬೆಳಿಗ್ಗೆ ಎಂಟೂವರೆಗೆ ಅಳೆದು, ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲೇ ಪಕ್ಕದ ಸಾಲಿನಲ್ಲಿ ಬರೆಯಿರಿ. ಅದೇ ಪುಟದಲ್ಲಿ ಇಲಾಖೆ ಏನು ಹೇಳಿತ್ತು ಎಂಬುದನ್ನೂ ಬರೆದರೆ, ಎರಡು ಮಳೆಗಾಲದಲ್ಲಿ ನಿಮ್ಮ ಮನೆಗೆ ಎಷ್ಟು ಕಳೆಯಬೇಕು, ಎಷ್ಟು ಕೂಡಬೇಕು ಎಂಬುದು ಗೊತ್ತಾಗುತ್ತದೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಟ್ಟಿರುವ ಆರು ಸಾವಿರಕ್ಕೂ ಹೆಚ್ಚು ಮಾಪಕಗಳಲ್ಲಿ ನಿಮ್ಮ ಪಂಚಾಯಿತಿಯದ್ದೂ ಇದ್ದೀತು, ಅದರ ಅಂಕಿಯ ಜೊತೆ ತಾಳೆ ನೋಡಿ. ಇಲಾಖೆಯ ಹೊಸ ಲೆಕ್ಕಾಚಾರ ಈಗ ಆರು ಕಿಲೋಮೀಟರಿನ ಚೌಕಕ್ಕೆ ಇಳಿದಿದೆ. ನಮ್ಮಲ್ಲಿ ಆರು ಕಿಲೋಮೀಟರಿನೊಳಗೆ ಎರಡು ಗುಡ್ಡ, ಮೂರು ಹಳ್ಳ. ಆ ಚೌಕದೊಳಗಿನ ವ್ಯತ್ಯಾಸವನ್ನು ತುಂಬಬಲ್ಲವರು ನಾವೇ.

ಈಗ ಕೊನೆಗಾರರ ವಿಷಯ. ಇದನ್ನು ಬೆಳೆಗಾರರು ಓದಬೇಕೆಂದೇ ಬರೆಯುತ್ತಿದ್ದೇನೆ. ಹೊಳವಾದ ದಿನ ಎಲ್ಲ ತೋಟದವರಿಗೂ ಅದೇ ನಾಲ್ಕು ಜನ ಬೇಕು. ಬೆಳಿಗ್ಗೆ ಏಳಕ್ಕೆ ಹತ್ತು ಫೋನ್. ಮೊದಲು ಕರೆದವರ ತೋಟಕ್ಕೆ ಹೋಗಿ ಕೂತು, ಮಳೆ ಬಂದು ಕೆಲಸ ನಿಂತು, ಬರಿಗೈಯಲ್ಲಿ ಮನೆಗೆ ಹೋದ ಕೊನೆಗಾರ ಆ ದಿನದ ಹವಾಮಾನ ವರದಿಗೆ ತನ್ನ ಕೂಲಿ ತೆತ್ತಿದ್ದಾನೆ. ಒಂದು ಊರಿನ ಬೆಳೆಗಾರರು ಕೂತು ಮಾತಾಡಿಕೊಂಡು, ಗುರುವಾರದ ನೋಟ ಬಂದ ಮೇಲೆ ಸರದಿ ಗೊತ್ತು ಮಾಡಿ, ಕರೆಸಿಕೊಂಡ ಮೇಲೆ ಮಳೆ ಬಂದರೂ ಅರ್ಧ ದಿನದ ಕೂಲಿ ಕೊಡುವುದೆಂದು ಒಪ್ಪಿಕೊಂಡರೆ ಯಾರ ಮನೆಯೂ ಮುಳುಗುವುದಿಲ್ಲ. ಜಾರುವ ಮರ ಹತ್ತುವವನು ಅವನು. ಪಾಚಿ ಹಿಡಿದ ಕಾಂಡ ಆರಿದೆಯೋ ಇಲ್ಲವೋ ಎಂಬುದನ್ನು ಹೇಳಬೇಕಾದವನೂ ಅವನೇ.

ಕೊಯ್ಲು ಶುರುವಾಗುವ ಹೊತ್ತಿಗೆ ಹಸ್ತ, ಚಿತ್ತೆ, ಸ್ವಾತಿಯ ಮಳೆಗಳು. ಘಟ್ಟ ಗುದ್ದುವ ಗಾಳಿ ತಿರುಗಿರುತ್ತದೆ, ಮತ್ತೆ ಮೇ ತಿಂಗಳಿನಂಥ ಎತ್ತರದ ಮೋಡಗಳು, ಮಧ್ಯಾಹ್ನದ ಮೇಲೆ ಗುಡುಗು. ಬೇಯಿಸಿ ಹರವಿದ ಅಡಿಕೆ ಒಳಗೆ ಹಾಕಲು ಎಲ್ಲರೂ ಓಡುತ್ತೇವೆ. ಮರದ ಮೇಲಿರುವವನನ್ನು ಕರೆಯುವುದು ಆಮೇಲೆ. ಈಗ ಹೆಚ್ಚಿನವರು ಕಾರ್ಬನ್ ಫೈಬರ್ ದೋಟಿ ತಂದಿದ್ದೀರಿ. ಹಗುರವಾಗಿದೆ, ಒಳ್ಳೆಯದು, ಆದರೆ ಕಾರ್ಬನ್ ಫೈಬರಿನಲ್ಲಿ ವಿದ್ಯುತ್ತು ಹರಿಯುತ್ತದೆ. ಅಂಥ ಅರವತ್ತು ಅಡಿಯ ಕೋಲು ಎತ್ತಿ ಹಿಡಿದು ಮೋಡದ ಕೆಳಗೆ ನಿಲ್ಲುವುದು ಎಂದರೇನೆಂದು ಯೋಚಿಸಿ. ಮಿಂಚು ಕಂಡು ಗುಡುಗು ಕೇಳುವ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರು ದೂರದಲ್ಲಿದೆ ಎಂದು ತಿಳಿಯುತ್ತದೆ. ಮೂವತ್ತು ಸೆಕೆಂಡಿಗಿಂತ ಕಡಿಮೆ ಬಂದರೆ ಮರ ಬಿಟ್ಟು, ದೋಟಿ ಮಲಗಿಸಿ, ಮನೆಯೊಳಗೆ ಬರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಡಬಾರದು. ದಾಮಿನಿ ಆ್ಯಪ್ ಹತ್ತಿರದ ಸಿಡಿಲನ್ನು ತೋರಿಸುತ್ತದೆ, ಆದರೆ ತೋಟದಲ್ಲಿ ಸಿಗ್ನಲ್ ಇರಬೇಕಲ್ಲ. ಹೀಗೆ ಗುಡುಗಿಗೆ ಇಳಿದು ಬಂದವನಿಗೆ "ಇನ್ನೆರಡು ಮರ ಇತ್ತು" ಎಂದು ಯಾರೂ ಹೇಳಬೇಡಿ. ಚಹಾ ಕೊಡಿ, ಪೂರ್ತಿ ದಿನದ ಕೂಲಿಯನ್ನೂ ಕೊಡಿ. ಉಳಿದ ಮರಗಳನ್ನು ನಾಳೆ ನೋಡೋಣ.

ಇಂತಿ,
ನಿಮ್ಮವನೇ ಒಬ್ಬ ಬೆಳೆಗಾರ
ತೀರ್ಥಹಳ್ಳಿ